ಸೈಕಲ್ ಪ್ರವಾಸದ ನಡುವೆ ಒಂದು ಬಿಡುವಿನ ದಿನ: ಓದುಗರ ಪ್ರಶ್ನೆಗಳಿಗೆ ಉತ್ತರ

ಮುಂಬಯಿಯಿಂದ ಗೋವಾಕ್ಕೆ ಹೋಗುವ ಕರಾವಳಿ ದಾರಿಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆಯುವಾಗ, 'ನಡುವೆ ಒಂದು ದಿನ ಸೈಕಲ್ ತುಳಿಯದೆ ಇರಿ' ಎಂದು ಒಂದು ಸಾಲು ಸೇರಿಸಿದ್ದೆ. ದಾರಿಯ ಬಗ್ಗೆ ಒಬ್ಬರೂ ಏನೂ ಕೇಳಲಿಲ್ಲ. ಬಂದ ಪತ್ರಗಳೆಲ್ಲ ಆ ಒಂದು ಸಾಲನ್ನೇ ಹಿಡಿದುಕೊಂಡಿವೆ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾವು ಮೂವರು ಗೆಳೆಯರು ಡಿಸೆಂಬರಿನಲ್ಲಿ ಕರಾವಳಿಯ ದಾರಿ ಹಿಡಿದು ಸೈಕಲ್ಲಿನಲ್ಲಿ ಉಡುಪಿಗೆ ಹೋಗಬೇಕೆಂದಿದ್ದೇವೆ. ಸುಮಾರು 900 ಕಿ.ಮೀ. ದಾರಿ, 11 ದಿನಗಳ ರಜೆ. ದಿನಕ್ಕೆ 80–85 ಕಿ.ಮೀ. ತುಳಿದರೆ ಸಾಕೆಂದು ಲೆಕ್ಕ ಹಾಕಿದ್ದೇವೆ. ಇದರಲ್ಲಿ ವಿಶ್ರಾಂತಿಯ ದಿನವನ್ನು ಎಲ್ಲಿ ಸೇರಿಸುವುದು? ನಮ್ಮಲ್ಲಿ ಒಬ್ಬನಂತೂ ವಿಶ್ರಾಂತಿಯೆಂದರೆ ಒಂದು ದಿನದ ರಜೆಯನ್ನು ನೀರಿಗೆ ಹಾಕಿದಂತೆ ಎನ್ನುತ್ತಾನೆ. (ಡೊಂಬಿವಲಿಯ ಓದುಗರು)

ಉತ್ತರ: ಮೊದಲು ನಿಮ್ಮ ಗೆಳೆಯರ ಮಾತಿಗೆ ಬರುತ್ತೇನೆ. 1923ರ ಅಕ್ಟೋಬರಿನಲ್ಲಿ ಇದೇ ಮುಂಬಯಿಯಿಂದ ಆರು ಮಂದಿ ಪಾರ್ಸಿ ತರುಣರು ಸೈಕಲ್ಲಿನಲ್ಲಿ ಪ್ರಪಂಚ ಸುತ್ತಲು ಹೊರಟರು. ಅವರಲ್ಲಿ ಆದಿ ಹಕೀಂ, ಜಾಲ್ ಬಾಪಸೋಲಾ, ರುಸ್ತುಂ ಭೂಮ್‌ಗರಾ ಎಂಬ ಮೂವರು 1928ರ ಮಾರ್ಚಿನಲ್ಲಿ ಸುಮಾರು 71,000 ಕಿ.ಮೀ. ಮುಗಿಸಿ ಮರಳಿದರು. ಆ ದೂರವನ್ನು ಕಳೆದ ದಿನಗಳಿಂದ ಭಾಗಿಸಿ ನೋಡಿದರೆ ದಿನವೊಂದಕ್ಕೆ ಸುಮಾರು 44 ಕಿ.ಮೀ. ಬರುತ್ತದೆ. ಮರುಭೂಮಿಯನ್ನೂ ಹಿಮವನ್ನೂ ದಾಟಿದವರ ಸರಾಸರಿ ಇದು. ಅದರಲ್ಲಿ ಹಡಗಿನ ದಿನಗಳೂ ಕಾಯಿಲೆಯ ದಿನಗಳೂ ಸೇರಿವೆ ಎಂಬುದು ನಿಜ, ಆದರೆ ದೀರ್ಘ ಪ್ರವಾಸದ ಲೆಕ್ಕದಲ್ಲಿ ಪೆಡಲು ತುಳಿಯದ ದಿನಗಳಿಗೂ ಜಾಗವಿದೆ ಎಂಬುದನ್ನೇ ನಾನೂ ಹೇಳುತ್ತಿರುವುದು. ಅಷ್ಟು ಹಿಂದಕ್ಕೆ ಹೋಗುವುದು ಬೇಡವೆಂದರೆ, ಟೂರ್ ಡಿ ಫ್ರಾನ್ಸ್ ಸ್ಪರ್ಧೆಯನ್ನೇ ನೋಡಿ. 21 ಹಂತಗಳ ಆ ಸ್ಪರ್ಧೆ 23 ದಿನ ನಡೆಯುತ್ತದೆ, ಉಳಿದ ಎರಡು ದಿನ ವಿಶ್ರಾಂತಿಗೆ.

ಇನ್ನು ನಿಮ್ಮ ಲೆಕ್ಕ. ನಕಾಶೆಯ ಮೇಲೆ ದಿನಕ್ಕೆ 85 ಕಿ.ಮೀ. ಹೆಚ್ಚೇನೂ ಅಲ್ಲ, ಆದರೆ ಕೊಂಕಣದ ಕರಾವಳಿ ದಾರಿ ಸಪಾಟಾಗಿದೆ ಎಂದು ತಿಳಿದವರೆಲ್ಲ ಮೂರನೆಯ ದಿನ ಪೆಟ್ಟು ತಿನ್ನುತ್ತಾರೆ. ಆಗರದಾಂಡಾದಿಂದ ದಿಘಿಗೆ, ಬಾಗಮಂಡಲಾದಿಂದ ವೇಶವಿಗೆ, ದಾಭೋಳದಿಂದ ಧೋಪಾವೆಗೆ, ತವಸಾಳದಿಂದ ಜಯಗಡಕ್ಕೆ ಹೀಗೆ ಒಂದಾದ ಮೇಲೊಂದು ಅಳಿವೆಯನ್ನು ಬಾರ್ಜಿನಲ್ಲಿ ದಾಟಬೇಕು. ಬಾರ್ಜು ನಿಲ್ಲುವುದು ಸಮುದ್ರದ ಮಟ್ಟದಲ್ಲಿ; ಇಳಿದ ಕೂಡಲೇ ದಾರಿ ಅಲ್ಲಿನವರು ಸಡಾ ಎಂದು ಕರೆಯುವ ಮುರಕಲ್ಲಿನ ಬಯಲಿಗೆ ಏರುತ್ತದೆ, ನಾಲ್ಕಾರು ಕಿಲೋಮೀಟರ್ ಬಿಸಿಲಿನಲ್ಲಿ ಸಾಗಿ ಮತ್ತೆ ಮುಂದಿನ ಅಳಿವೆಗೆ ಇಳಿಯುತ್ತದೆ. ದೊಡ್ಡ ಘಾಟಿ ಎಂದು ತೋರಿಸುವಂಥದ್ದು ಎಲ್ಲೂ ಇಲ್ಲ, ಆದರೆ ಸಣ್ಣ ಸಣ್ಣ ಏರುಗಳೇ ಸಂಜೆಯ ಹೊತ್ತಿಗೆ ಒಂದು ಘಾಟಿಯಷ್ಟಾಗಿರುತ್ತವೆ.

ಸ್ನಾಯುಗಳು ದುಡಿಮೆಗೆ ಬಳಸುವ ಗ್ಲೈಕೋಜೆನ್ ಎಂಬ ಪಿಷ್ಟದ ದಾಸ್ತಾನು ದೇಹದಲ್ಲಿ 400–500 ಗ್ರಾಂ ಮಾತ್ರ ಇರುತ್ತದೆ. ಇಂಥ ದಾರಿಯಲ್ಲಿ ಐದಾರು ಗಂಟೆ ತುಳಿದರೆ ಅದರ ದೊಡ್ಡ ಪಾಲು ಖರ್ಚಾಗುತ್ತದೆ, ಮತ್ತೆ ತುಂಬಬೇಕಾದರೆ ಚೆನ್ನಾಗಿ ಉಂಡರೂ ಸುಮಾರು ಒಂದು ಹಗಲು, ಒಂದು ರಾತ್ರಿ ಬೇಕು. ಆದರೆ ನೀವು ಸಂಜೆ ಐದಕ್ಕೆ ಇಳಿದು ಬೆಳಿಗ್ಗೆ ಆರಕ್ಕೆ ಮತ್ತೆ ಹತ್ತುತ್ತೀರಿ. ದಿನದಿನವೂ ಉಳಿಯುವ ಈ ಸಣ್ಣ ಬಾಕಿ ಸಾಲದ ಬಡ್ಡಿಯ ಹಾಗೆ ಸೇರುತ್ತಾ ಹೋಗುತ್ತದೆ. ನಾಲ್ಕನೆಯ ದಿನ ಊಟದ ರುಚಿ ಕೆಡುವುದು, ದಣಿದಿದ್ದರೂ ನಿದ್ದೆ ಹತ್ತದಿರುವುದು, ಜೊತೆಗಾರ ಬಾಟಲಿ ತುಂಬಿಸಲು ಎರಡು ನಿಮಿಷ ನಿಂತರೂ ಸಿಟ್ಟು ಬರುವುದು ಆ ಬಾಕಿಯ ಗುರುತುಗಳು. ಬೆಳಿಗ್ಗೆ ಹಾಸಿಗೆಯಲ್ಲೇ ನಾಡಿ ಎಣಿಸುವ ರೂಢಿಯಿದ್ದವರಿಗೆ ಎಂದಿಗಿಂತ ನಿಮಿಷಕ್ಕೆ ಏಳೆಂಟು ಬಡಿತ ಹೆಚ್ಚಾಗಿರುವುದೂ ಕಾಣುತ್ತದೆ. ವಿಶ್ರಾಂತಿಯ ದಿನವನ್ನು ಈ ಗುರುತುಗಳು ಕಾಣಿಸಿಕೊಂಡ ಮೇಲೆ ಹುಡುಕುವುದಲ್ಲ, ಮೊದಲೇ ಇಟ್ಟುಕೊಳ್ಳಬೇಕು.

ಎಲ್ಲಿ ಎಂದರೆ, ನನ್ನ ಸಲಹೆ ಹೀಗಿದೆ. ಮುಂಬಯಿಯ ಎದುರು ದಡದ ಮಾಂಡವಾದಿಂದ ಮುರುಡ, ಹರಿಹರೇಶ್ವರ, ಗುಹಾಗರ ಹಾದು ನಾಲ್ಕು ದಿನದಲ್ಲಿ ಗಣಪತಿಪುಳೆ ತಲುಪಿ. ಐದನೆಯ ದಿನ ಅಲ್ಲೇ ಇರಿ, ಆದರೆ ಅದು ಶನಿವಾರ–ಭಾನುವಾರ ಆಗದಂತೆ ನೋಡಿಕೊಳ್ಳಿ, ಏಕೆಂದರೆ ಆಗ ಅಲ್ಲಿ ಕೋಣೆಯೂ ಸಿಗದು, ನಿದ್ದೆಯೂ ಸಿಗದು. ಅಲ್ಲಿಂದ ರತ್ನಾಗಿರಿ, ವಿಜಯದುರ್ಗ, ಮಾಲವಣ, ವೆಂಗುರ್ಲೆಗಳನ್ನು ಹಾದು ನಾಲ್ಕು ದಿನದಲ್ಲಿ ಪಣಜಿ, ಅಲ್ಲಿ ಇನ್ನೊಂದು ದಿನ ಬಿಡುವು. ಅಷ್ಟರಲ್ಲಿ ಹತ್ತು ದಿನ ಮುಗಿದಿರುತ್ತದೆ. ಹನ್ನೊಂದನೆಯ ದಿನ ಸುಮಾರು 100 ಕಿ.ಮೀ. ತುಳಿದು ಕಾರವಾರ ಮುಟ್ಟಿ, ಸೈಕಲ್ಲನ್ನು ರೈಲಿನ ಬ್ರೇಕ್ ವ್ಯಾನಿಗೆ, ಅಂದರೆ ಸಾಮಾನಿನ ಡಬ್ಬಿಗೆ ಹಾಕಿ. ಉಡುಪಿಯವರೆಗೆ ತುಳಿಯಲೇಬೇಕೆಂದರೆ ಇನ್ನೆರಡು ದಿನ ರಜೆ ಕೇಳಿ. ರಜೆ ಸಿಗದಿದ್ದರೆ ಊರನ್ನು ಬಿಡಿ, ಬಿಡುವನ್ನು ಬಿಡಬೇಡಿ. ಒಂದು ಮಾತು: ಡಿಸೆಂಬರ್ 3ರಂದು ಹಳೆ ಗೋವಾದಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬವಿರುತ್ತದೆ, ತಿಂಗಳ ಕೊನೆಯ ವಾರದಲ್ಲಿ ಗೋವಾ ಪೂರ್ತಿ ತುಂಬಿರುತ್ತದೆ. ಈ ಎರಡರ ನಡುವೆ ಪಣಜಿ ಸೇರುವಂತೆ ಹೊರಡುವ ದಿನವನ್ನು ಗೊತ್ತುಮಾಡಿ.

ಪ್ರಶ್ನೆ: ಪುಣೆಯಿಂದ ಗೋವಾಕ್ಕೆ ಹೊರಟವನು ನೀವು ಹೇಳುವಂತೆಯೇ ಕೊಲ್ಹಾಪುರದಲ್ಲಿ ಒಂದು ದಿನ ಪೂರ್ತಿ ವಿಶ್ರಾಂತಿ ತೆಗೆದುಕೊಂಡೆ. ಬೆಳಿಗ್ಗೆ ಮಹಾಲಕ್ಷ್ಮಿಯ ದರ್ಶನ, ಮಧ್ಯಾಹ್ನ ಬಸ್ಸಿನಲ್ಲಿ ಪನ್ಹಾಳಗಡ, ಸಂಜೆ ರಂಕಾಳ ಕೆರೆಯ ದಂಡೆ, ರಾತ್ರಿ ತಾಂಬಡಾ–ಪಾಂಢರಾ ರಸ್ಸಾ (ಮಾಂಸದ ಕೆಂಪು ಮತ್ತು ಬಿಳಿ ಸಾರು). ಮರುದಿನ ಆಜ್ರಾ–ಆಂಬೋಲಿಯ ದಾರಿ ಹಿಡಿದರೆ ಕಾಲಿಗೆ ಕಲ್ಲು ಕಟ್ಟಿದಂತೆ ಆಗಿತ್ತು. ವಿಶ್ರಾಂತಿ ಇಲ್ಲದಿದ್ದರೇ ಚೆನ್ನಾಗಿತ್ತಲ್ಲ? (ಪುಣೆ, ಕೋಥರೂಡಿನ ಓದುಗರು)

ಉತ್ತರ: ಮಾನ್ಯರೇ, ನೀವು ತೆಗೆದುಕೊಂಡದ್ದು ಕೊಲ್ಹಾಪುರ ದರ್ಶನ, ವಿಶ್ರಾಂತಿಯ ದಿನ ಇನ್ನೂ ನಿಮ್ಮ ಖಾತೆಯಲ್ಲಿ ಬಾಕಿ ಇದೆ. ಸೈಕಲ್ಲಿನಿಂದ ಇಳಿದರೆ ಕಾಲಿಗೆ ಬಿಡುವು ಸಿಕ್ಕಿತೆಂದು ತಿಳಿಯುವುದು ಎಲ್ಲರೂ ಮಾಡುವ ತಪ್ಪು. ಪೆಡಲು ತುಳಿಯುವಾಗ ತೊಡೆಯ ಸ್ನಾಯುಗಳು ಸಂಕುಚಿಸುತ್ತಲೇ ದುಡಿಯುತ್ತವೆ, ಭಾರ ಹೊತ್ತು ಹಿಗ್ಗುವ ಕೆಲಸ ಅವಕ್ಕೆ ಬರುವುದೇ ಇಲ್ಲ. ಕೋಟೆಯ ಇಳಿಜಾರಿನಲ್ಲಿ, ಮೆಟ್ಟಿಲು ಇಳಿಯುವಾಗ ನಡೆಯುವುದು ಆ ಇನ್ನೊಂದು ಕೆಲಸವೇ, ಮತ್ತು ರೂಢಿಯಿಲ್ಲದ ಸ್ನಾಯುವಿಗೆ ಅದರಿಂದ ಬರುವ ನೋವು ಕೂಡಲೇ ಕಾಣದೆ, ಒಂದೆರಡು ದಿನ ಕಳೆದ ಮೇಲೆ ತುದಿ ಮುಟ್ಟುತ್ತದೆ. ಅಂದರೆ ಪನ್ಹಾಳದಲ್ಲಿ ಇಳಿದದ್ದಕ್ಕೆ ಬೆಲೆಯನ್ನು ಆಂಬೋಲಿಯ ದಾರಿಯಲ್ಲಿ ಕೊಟ್ಟಿದ್ದೀರಿ. ಊರು ನೋಡುವ ಆಸೆ ತಪ್ಪಲ್ಲ, ನನಗೂ ಇದೆ. ಅದಕ್ಕೆ ಬೇರೆಯೇ ಒಂದು ದಿನ ಇಟ್ಟುಕೊಳ್ಳಿ, ಅಥವಾ ಒಂದು ಜಾಗ, ಅದೂ ಕುಳಿತು ನೋಡುವಂಥದ್ದನ್ನು ಆರಿಸಿಕೊಳ್ಳಿ. ರಂಕಾಳದ ದಂಡೆಯೊಂದೇ ಆಗಿದ್ದರೆ ನಿಮ್ಮ ಪತ್ರ ಬರುತ್ತಿರಲಿಲ್ಲ.

ಆದರೆ ಏನೂ ಮಾಡದೆ ಮಲಗಿದ್ದರೂ ಮರುದಿನದ ಮೊದಲ ಗಂಟೆ ಸ್ವಲ್ಪ ಭಾರವಾಗಿಯೇ ಇರುತ್ತದೆ. ಗ್ಲೈಕೋಜೆನ್ ತುಂಬುವಾಗ ಪ್ರತಿ ಗ್ರಾಮಿನ ಜೊತೆಗೆ ಸುಮಾರು ಮೂರು ಗ್ರಾಂ ನೀರೂ ಸ್ನಾಯುವಿನಲ್ಲಿ ನಿಲ್ಲುತ್ತದೆ. ತೂಕ ಒಂದು ಕಿಲೋದಷ್ಟು ಏರಬಹುದು, ಕಾಲು ಊದಿದಂತೆ ಅನ್ನಿಸಬಹುದು. ಅದು ದಾಸ್ತಾನು ತುಂಬಿದ ಲಕ್ಷಣ, ಕಾಯಿಲೆಯಲ್ಲ. ಟೂರ್ ಡಿ ಫ್ರಾನ್ಸಿನ ಸವಾರರು ವಿಶ್ರಾಂತಿಯ ದಿನವೂ ಒಂದೆರಡು ಗಂಟೆ ಹಗುರವಾಗಿ ತುಳಿಯುವುದು ಕಾಲು ಜಡವಾಗದಿರಲಿ ಎಂದೇ. ನಮ್ಮಂಥವರಿಗೆ ಅರ್ಧ ಗಂಟೆ, ಹೆಚ್ಚೆಂದರೆ ಮುಕ್ಕಾಲು ಗಂಟೆ ಸಾಕು. ಚೀಲಗಳನ್ನು ಬಿಚ್ಚಿಟ್ಟು, ಅತಿ ಹಗುರವಾದ ಗೇರಿನಲ್ಲಿ, ಹಾಡು ಗುನುಗುತ್ತಾ ಹೋಗುವಷ್ಟು ನಿಧಾನವಾಗಿ ಹೋಗಬೇಕು. ಪಣಜಿಯಲ್ಲಿ ಇದಕ್ಕೆ ಹೇಳಿ ಮಾಡಿಸಿದ ದಾರಿಯೆಂದರೆ 17ನೆಯ ಶತಮಾನದಲ್ಲಿ ಪೋರ್ಚುಗೀಸರು ಕಟ್ಟಿದ ರಿಬಂದರಿನ ಕಟ್ಟೆಯ ರಸ್ತೆ; ಒಂದು ಕಡೆ ಮಾಂಡವಿ ನದಿ, ಇನ್ನೊಂದು ಕಡೆ ಕಾಂಡ್ಲಾ ಗಿಡಗಳು, ಏರು ಎಂಬುದೇ ಇಲ್ಲ. ಬೆಳಿಗ್ಗೆ ಏಳರೊಳಗೆ ಹೋಗಿ ಬನ್ನಿ, ಆಮೇಲೆ ವಾಹನಗಳ ಕಾಟ.

ಇನ್ನು, ರಸ್ಸಾದ ಬಗ್ಗೆ ನನಗೆ ತಕರಾರಿಲ್ಲ. ಹೊರಡುವ ಹಿಂದಿನ ರಾತ್ರಿ ತಿಂದದ್ದರ ಬಗ್ಗೆ ಇದೆ. ಬಿಡುವಿನ ದಿನದ ಮಧ್ಯಾಹ್ನಕ್ಕೆ ಅದನ್ನು ಮುಗಿಸಿಬಿಡಿ.

ಪ್ರಶ್ನೆ: ನಾವು ಧಾರವಾಡದ ಕಡೆಯವರು, ವಾಸ್ಕೋದಲ್ಲಿ ನೆಲೆಸಿ 20 ವರ್ಷವಾಯಿತು. ನನ್ನ ತಂಗಿಯ ಮಗ ಮುಂಬಯಿಯಿಂದ ಸೈಕಲ್ ಮೇಲೆ ಬರುತ್ತಿದ್ದಾನೆ, ನಮ್ಮ ಮನೆಯಲ್ಲಿ ಒಂದು ದಿನ 'ರೆಸ್ಟ್ ಡೇ' ಅಂತೆ. ಅವನನ್ನು ಹೇಗೆ ನೋಡಿಕೊಳ್ಳಬೇಕು? (ವಾಸ್ಕೋದ ಓದುಗರು)

ಉತ್ತರ: ಇಷ್ಟು ವರ್ಷಗಳಲ್ಲಿ ಸವಾರರೇ ಪ್ರಶ್ನೆ ಕೇಳಿದ್ದಾರೆ, ಮನೆಯವರು ಕೇಳಿದ್ದು ಇದೇ ಮೊದಲು. ತುಂಬ ಸಂತೋಷವಾಯಿತು.

ಅವನು ಬಂದ ಸಂಜೆ ಮೂರು ವಸ್ತುಗಳು ಸಿದ್ಧವಾಗಿರಲಿ: ಎರಡು ಬಕೆಟ್ ಬಿಸಿನೀರು, ಬಟ್ಟೆ ಒಗೆಯಲು ಜಾಗ, ಗಾಳಿ ಆಡುವ ಕಡೆ ಕಟ್ಟಿದ ಹಗ್ಗ. ಅವನು ಮಾತನಾಡುವ ಮೊದಲು ಒಗೆಯುತ್ತಾನೆ, ತಪ್ಪು ತಿಳಿಯಬೇಡಿ. ಕರಾವಳಿಯ ತೇವದ ಗಾಳಿಯಲ್ಲಿ ಪ್ಯಾಡ್ ಇರುವ ಚಡ್ಡಿ ಒಣಗಲು ಒಂದು ರಾತ್ರಿ ಸಾಲುವುದಿಲ್ಲ, ಆದ್ದರಿಂದ ಅವನ ಇಡೀ ಕಾರ್ಯಕ್ರಮ ಆ ಹಗ್ಗದ ಮೇಲೆ ನಿಂತಿರುತ್ತದೆ. ಮರುದಿನ ಅವನಾಗಿ ಏಳುವವರೆಗೆ ಎಬ್ಬಿಸಬೇಡಿ, ಚಹಾ ಆರಿಹೋದರೂ ಸರಿ.

ಊಟದ ವಿಷಯದಲ್ಲಿ ನಮ್ಮವರಿಗೆ ಹೇಳಿಕೊಡುವ ಅಗತ್ಯವಿಲ್ಲವಾದರೂ ಒಂದು ಲೆಕ್ಕ ಕೊಡುತ್ತೇನೆ. ದಣಿದ ಸವಾರನಿಗೆ ದೇಹದ ತೂಕದ ಪ್ರತಿ ಕಿಲೋಗೆ 7–8 ಗ್ರಾಂ ಪಿಷ್ಟ ಬೇಕು. 65 ಕಿಲೋ ತೂಕದ ಹುಡುಗನಿಗೆ ಸುಮಾರು 500 ಗ್ರಾಂ. ಒಂದು ಬಟ್ಟಲು ಅನ್ನದಲ್ಲಿ 45 ಗ್ರಾಂ, ಒಂದು ಬಾಳೆಹಣ್ಣಿನಲ್ಲಿ 25 ಗ್ರಾಂ ಸಿಗುತ್ತದೆ ಎಂದರೆ, ಎಷ್ಟು ಬಡಿಸಬೇಕೆಂದು ನೀವೇ ಲೆಕ್ಕ ಹಾಕಿ. ಬೆಳಿಗ್ಗೆ ಒಗ್ಗರಣೆ ಅವಲಕ್ಕಿ, ಮಧ್ಯಾಹ್ನ ರೊಟ್ಟಿಯ ಜೊತೆ ಹೆಸರುಕಾಳು ಪಲ್ಯ, ಮೇಲೆ ಅನ್ನ–ಸಾರು, ಕೊನೆಗೆ ಮೊಸರನ್ನ. ಉಪ್ಪಿನಕಾಯಿಯನ್ನು ಅವನು ಎರಡು ಸಲ ಕೇಳಿದರೆ ಅಚ್ಚರಿಪಡಬೇಡಿ, ಬೆವರಿನಲ್ಲಿ ಹೋದ ಉಪ್ಪನ್ನು ನಾಲಗೆ ಕೇಳುತ್ತಿರುತ್ತದೆ. ಒಂದೇ ಸಲಕ್ಕೆ ಹೊಟ್ಟೆ ಬಿರಿಯುವಂತೆ ಬಡಿಸುವುದಕ್ಕಿಂತ ಎರಡೆರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕೊಡುವುದು ಮೇಲು.

ಇನ್ನು ಮಾಡಬಾರದ್ದು. ಅವನನ್ನು ಬಾಗಾ ಬೀಚಿಗೆ ಕರೆದೊಯ್ಯಬೇಡಿ, ನೆಂಟರ ಮನೆಗಳಿಗೆ ಮೆರವಣಿಗೆ ಮಾಡಿಸಬೇಡಿ. ಗೋವಾಕ್ಕೆ ಬಂದಿದ್ದಾನಲ್ಲ ಎಂದು ಗೆಳೆಯರು ಯಾರಾದರೂ ಫೆನಿಯ ಮಾತೆತ್ತಿದರೆ ನೀವೇ ಅಡ್ಡ ಬನ್ನಿ. ಮದ್ಯ ನಿದ್ದೆಯನ್ನು ಕೆಡಿಸುತ್ತದೆ, ಮತ್ತು ಅವನು ನಿಮ್ಮ ಮನೆಗೆ ಬಂದದ್ದೇ ನಿದ್ದೆಗಾಗಿ.

ಪ್ರಶ್ನೆ: ಎರಡು ದಿನ ತುಳಿದರೆ ನನ್ನ ಕಿರುಬೆರಳು ಮತ್ತು ಉಂಗುರದ ಬೆರಳು ಜೋಮು ಹಿಡಿಯುತ್ತವೆ. ಸೀಟು ತಗುಲುವ ಕಡೆ ಚರ್ಮ ಉಜ್ಜಿ ಕೆಂಪಾಗುತ್ತದೆ. ಒಂದು ದಿನದ ವಿಶ್ರಾಂತಿಯಿಂದ ಇವು ವಾಸಿಯಾಗುತ್ತವೆಯೇ? (ಮುಲುಂಡಿನ ಓದುಗರೊಬ್ಬರು, ಮಹಿಳೆ)

ಉತ್ತರ: ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು. ಆ ಎರಡು ಬೆರಳುಗಳಿಗೆ ಹೋಗುವ ಅಲ್ನಾರ್ ನರ ಅಂಗೈಯ ಬುಡದಲ್ಲಿ, ಹ್ಯಾಂಡಲ್ ಒತ್ತುವ ಜಾಗದಲ್ಲೇ ಹಾದುಹೋಗುತ್ತದೆ. ಒಂದು ದಿನ ಒತ್ತಡ ತಪ್ಪಿದರೆ ಜೋಮು ಇಳಿಯಬಹುದು, ಆದರೆ ಮರುದಿನ ಅದೇ ಭಂಗಿಯಲ್ಲಿ ಕುಳಿತರೆ ಅದೂ ಮರಳಿ ಬರುತ್ತದೆ. ಆದ್ದರಿಂದ ಬಿಡುವಿನ ದಿನ ಸೈಕಲ್ಲನ್ನು ಗೋಡೆಗೆ ಒರಗಿಸಿ, ಕುಳಿತು ನೋಡಿ: ಸೀಟಿನ ಮೂತಿ ಕೆಳಕ್ಕೆ ಬಾಗಿದ್ದರೆ ದೇಹದ ಭಾರವೆಲ್ಲ ಕೈಗೆ ಜಾರುತ್ತದೆ, ಅದನ್ನು ಸಮತಟ್ಟು ಮಾಡಿ, ಹ್ಯಾಂಡಲನ್ನು ಸ್ವಲ್ಪ ಎತ್ತರಿಸಲು ಬರುವುದಾದರೆ ಎತ್ತರಿಸಿ. ಚಿಮಟದಂತೆ ಬೆರಳುಗಳಿಂದ ಕಾಗದ ಹಿಡಿಯಲು ಕಷ್ಟವಾದರೆ, ಎಂದರೆ ಜೋಮಿನ ಜೊತೆ ಬಲವೂ ಕಡಿಮೆಯಾಗಿದ್ದರೆ, ಪ್ರವಾಸವನ್ನು ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಚರ್ಮದ ಕೆಂಪಿಗೆ ಒಂದು ದಿನ ಒಳ್ಳೆಯ ಮದ್ದು: ಸೌಮ್ಯ ಸೋಪಿನಿಂದ ತೊಳೆದು, ಪೂರ್ತಿ ಒಣಗಿಸಿ, ಸಡಿಲವಾದ ಹತ್ತಿಯ ಬಟ್ಟೆ ತೊಟ್ಟು ಗಾಳಿಯಾಡಲು ಬಿಡಿ. ಪ್ಯಾಡಿನ ಚಡ್ಡಿಯ ಒಳಗೆ ಇನ್ನೊಂದು ಒಳಉಡುಪು ತೊಡುವವರಿಗೆ ಅದರ ಹೊಲಿಗೆಯೇ ಉಜ್ಜುತ್ತಿರುತ್ತದೆ. ಸಂಕೋಚದಿಂದ ಯಾರೂ ಹೇಳದ ಮಾತು ಇದು, ಪ್ಯಾಡಿನ ಚಡ್ಡಿಯನ್ನು ಬರಿಮೈಗೇ ತೊಡಬೇಕು. ಕೆಂಪು ಹೋಗಿ ಗಂಟಾಗಿ, ಕೀವು ತುಂಬಿ, ಜ್ವರವೂ ಬಂದರೆ ಅದಕ್ಕೆ ಒಂದು ದಿನ ಸಾಲದು, ವೈದ್ಯರೇ ಬೇಕು.

ಪ್ರಶ್ನೆ: ವಿಶ್ರಾಂತಿಯ ದಿನ ಸೈಕಲ್ಲಿಗೂ ಏನಾದರೂ ಸೇವೆ ಬೇಕೆ, ಅಥವಾ ನೀರು ಹಾಕಿ ತೊಳೆದರೆ ಸಾಕೇ? (ಠಾಣೆಯ ಓದುಗರು)

ಉತ್ತರ: ಬೇಕು, ಆದರೆ ಅದನ್ನು ಸಂಜೆಗೆ ಉಳಿಸಬೇಡಿ. ಸೈಕಲ್ಲನ್ನು ಬೆಳಿಗ್ಗೆಯೇ ಪರೀಕ್ಷಿಸಿದರೆ ಬಿಡಿಭಾಗ ತರಲು ಹಗಲು ಉಳಿಯುತ್ತದೆ. ಗೋವಾದಲ್ಲಿ ಎಷ್ಟೋ ಅಂಗಡಿಗಳು ಮಧ್ಯಾಹ್ನ ಬಾಗಿಲು ಹಾಕಿ ಮಲಗುತ್ತವೆ, ಭಾನುವಾರ ತೆರೆಯುವುದೇ ಇಲ್ಲ. ಸಂಜೆ ಏಳಕ್ಕೆ ಬ್ರೇಕ್ ಪ್ಯಾಡ್ ಸವೆದದ್ದು ಗೊತ್ತಾದರೆ ಇನ್ನೊಂದು ದಿನ ಕೂರಬೇಕಾಗುತ್ತದೆ.

ಕರಾವಳಿಯಲ್ಲಿ ಚೈನಿಗೆ ಎರಡು ಶತ್ರುಗಳು, ಉಪ್ಪಿನ ಗಾಳಿ ಮತ್ತು ಮುರಕಲ್ಲಿನ ಕೆಂಪು ಧೂಳು. ಧೂಳು ಎಣ್ಣೆಯಲ್ಲಿ ಕಲಸಿ ಅರೆಯುವ ಗಂಧದಂತಾಗಿ ಚೈನಿನ ಪಿನ್ನುಗಳನ್ನು ತೇಯುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಚೆನ್ನಾಗಿ ಒರಸಿ, ಒಣಗಿದ ಮೇಲೆ ಒಂದೊಂದು ಕೊಂಡಿಗೆ ಒಂದೊಂದು ಹನಿ ಎಣ್ಣೆ ಬಿಟ್ಟು, ಐದು ನಿಮಿಷ ಬಿಟ್ಟು ಹೊರಗಿನ ಎಣ್ಣೆಯನ್ನೆಲ್ಲ ಒರಸಿ ತೆಗೆಯಿರಿ. ಮನೆಯ ಕೊಬ್ಬರಿ ಎಣ್ಣೆ ಬೇಡ. ಸವೆತ ನೋಡಲು ಇಂಚಿನ ಸ್ಕೇಲು ಸಾಕು: ಹೊಸ ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ 12 ಪೂರ್ಣ ಕೊಂಡಿಗಳು (ಒಳಗಿನದೊಂದು, ಹೊರಗಿನದೊಂದು ಸೇರಿದರೆ ಒಂದು ಪೂರ್ಣ ಕೊಂಡಿ) ಸರಿಯಾಗಿ 12 ಇಂಚು ಇರುತ್ತವೆ. ಅದು ಇಂಚಿನ ಹದಿನಾರನೆಯ ಒಂದು ಭಾಗ ಉದ್ದವಾಗಿದ್ದರೆ ಚೈನು ಬದಲಿಸುವ ಕಾಲ ಬಂತು, ಎಂಟನೆಯ ಒಂದು ಭಾಗದಷ್ಟಾಗಿದ್ದರೆ ಹಿಂದಿನ ಹಲ್ಲುಚಕ್ರಗಳೂ ಹೋದವೆಂದೇ ತಿಳಿಯಿರಿ.

ಮಾಲವಣದಲ್ಲಿ ಒಮ್ಮೆ ಉಳಿದುಕೊಂಡ ಮನೆಯ ಅಂಗಳದಲ್ಲಿ, ತೆಂಗಿನ ಮರದ ನೆರಳಿಗೆ ಸೈಕಲ್ ತಲೆಕೆಳಗೆ ಮಾಡಿ ಒರಸುತ್ತಿದ್ದೆ. ಹಿಂದಿನ ಕ್ಯಾರಿಯರಿನ ಎಡಗಡೆಯ ಬೋಲ್ಟು ಬಟ್ಟೆಗೆ ಸಿಕ್ಕಿ ಸುಮ್ಮನೆ ತಿರುಗಿತು; ಬೆರಳಲ್ಲಿ ಇನ್ನೆರಡು ಸುತ್ತು ತಿರುಗಿಸಿದ್ದರೆ ಕೈಗೇ ಬರುತ್ತಿತ್ತು. ಹಿಂದಿನ ಎರಡು ದಿನದಿಂದ ಇಳಿಜಾರುಗಳಲ್ಲಿ ಟಿಕ್ ಟಿಕ್ ಎಂಬ ಸದ್ದು ಕೇಳುತ್ತಿತ್ತು, ನಾನು ಅದನ್ನು ಬಾಟಲಿಯ ಮುಚ್ಚಳದ್ದೆಂದುಕೊಂಡಿದ್ದೆ. ಹನ್ನೆರಡು ಕಿಲೋ ಚೀಲಗಳು ಇಳಿಜಾರಿನಲ್ಲಿ ಹಿಂದಿನ ಚಕ್ರಕ್ಕೆ ಬಿದ್ದಿದ್ದರೆ ಏನಾಗುತ್ತಿತ್ತೋ ಊಹಿಸಿಕೊಳ್ಳಿ. ಅಂದಿನಿಂದ ಪ್ರತಿ ಬಿಡುವಿನ ದಿನವೂ ಎಲ್ಲಕ್ಕಿಂತ ಮೊದಲು ಕೀಲಿ ಹಿಡಿದು ಒಂದೊಂದು ಬೋಲ್ಟನ್ನೂ ಮುಟ್ಟಿ ನೋಡುತ್ತೇನೆ, ಆಮೇಲೆ ಟೈರುಗಳಲ್ಲಿ ಸಿಕ್ಕಿದ ಗಾಜಿನ ಚೂರುಗಳನ್ನು ಪಿನ್ನಿನಿಂದ ಕೀಳುತ್ತೇನೆ, ಕಡ್ಡಿಗಳನ್ನು ಎರಡೆರಡಾಗಿ ಹಿಂಡಿ ಸಡಿಲವಾದದ್ದನ್ನು ಹುಡುಕುತ್ತೇನೆ.

ಇಷ್ಟಕ್ಕೆ ಒಂದು ಗಂಟೆ ಸಾಕು. ಮುಗಿದ ಮೇಲೆ ಚೀಲಗಳನ್ನೆಲ್ಲ ಕಟ್ಟಿ, ಓಣಿಯಲ್ಲಿ ಒಂದು ಸುತ್ತು ಹೋಗಿ ಬ್ರೇಕು ಹಾಕಿ ನೋಡಿ. ಏನಾದರೂ ಸದ್ದು ಬರುವುದಿದ್ದರೆ ಅಂಗಡಿಯ ಬಾಗಿಲು ತೆರೆದಿರುವಾಗಲೇ ಬರಲಿ.